ಸಹಿ ಮಾಡುವ ವಯಸ್ಸು
(ಶತಮಾನೋತ್ಸವದ ಯುವಜನ ದಿನದಂದು ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಸ್ಮರಣ ಸಂಚಿಕೆಗೆ ಬೇಕಾದ ವಿವರಗಳಿಗಾಗಿ ಕೆಲವು ವಾರಗಳಿಂದ ನಾವು ದೇವಾಲಯದ ಹಳೆಯ ದಾಖಲೆ ಪುಸ್ತಕಗಳನ್ನು ತೆರೆದುಕೊಂಡು ಕುಳಿತಿದ್ದೇವೆ. ಜ್ಞಾನಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರಿದೆ, ತಂದೆತಾಯಿಯ ಹೆಸರಿದೆ, ಜ್ಞಾನತಂದೆ ಜ್ಞಾನತಾಯಿಯರ ಹೆಸರಿದೆ. ಮಗುವಿನ ಸಹಿ ಮಾತ್ರ ಇಲ್ಲ, ಇರುವುದೂ ಸಾಧ್ಯವಿಲ್ಲ. ಅದೇ ಹೆಸರನ್ನು ಹುಡುಕುತ್ತಾ ಹೋದರೆ ಇಪ್ಪತ್ತು ಇಪ್ಪತ್ತೈದು ವರ್ಷಗಳ ಅನಂತರ ವಿವಾಹದ ಪುಸ್ತಕದಲ್ಲಿ ಅದು ಮತ್ತೆ ಸಿಗುತ್ತದೆ, ಈ ಬಾರಿ ಅವರದೇ ಕೈಬರಹದಲ್ಲಿ, ಇಲ್ಲವೇ ಹೆಬ್ಬೆಟ್ಟಿನ ಗುರುತಾಗಿ. ಈ ಎರಡು ಪುಸ್ತಕಗಳ ನಡುವಿನ ಕಾಲದಲ್ಲಿ ಏನು ನಡೆಯಿತೆಂಬುದನ್ನು ಯಾವ ಗುರುವೂ ಬರೆದಿಟ್ಟಿಲ್ಲ. ಇಂದು ನಾವು ಮಾತನಾಡಬೇಕೆಂದಿರುವುದು ಆ ನಡುವಿನ ಕಾಲವನ್ನು ಕುರಿತು.

ಕಾನೂನು ಇದಕ್ಕೆ ಅಂಕಿಗಳಲ್ಲಿ ಉತ್ತರ ಹೇಳುತ್ತದೆ. 1875ರ ಕಾಯ್ದೆಯು ನಮ್ಮ ದೇಶದಲ್ಲಿ ವಯಸ್ಕತ್ವವನ್ನು ಸಾಮಾನ್ಯವಾಗಿ 18ಕ್ಕೆ ನಿಲ್ಲಿಸಿತು. ಧರ್ಮಸಭೆಯ 1917ರ ಸಂಹಿತೆಯಲ್ಲಿ 21 ಎಂದಿದ್ದುದು 1983ರ ಸಂಹಿತೆಯಲ್ಲಿ 18 ಆಯಿತು. ಮತದಾನದ ವಯಸ್ಸು ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ 21ರಿಂದ 18ಕ್ಕಿಳಿಯಿತು. ಗೆರೆಗಳು ಬೇಕು, ನಿಜ. ಆದರೆ ಹದಿನೆಂಟನೆಯ ಹುಟ್ಟುಹಬ್ಬದ ಮುಂಜಾನೆ ಎದ್ದವನು ಹಿಂದಿನ ರಾತ್ರಿ ಮಲಗಿದವನೇ ಆಗಿರುತ್ತಾನೆ.

ನಮ್ಮ ಬಾಲ್ಯ ಕಳೆದದ್ದು ಹಲಸೂರಿನಲ್ಲಿ. ಕೆರೆಯ ದಂಡೆ ನಮ್ಮದು, ಮೈದಾನ ನಮ್ಮದು. ಮದ್ರಾಸ್ ಸ್ಯಾಪರ್ಸ್ ಸೈನಿಕರ ಕಹಳೆಯೇ ನಮ್ಮ ಗಡಿಯಾರ. ತಂದೆಯವರು ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಹನ್ನೊಂದನೆಯ ವಯಸ್ಸಿನಲ್ಲಿ ಅವರು ಒಂದು ದಿನ ರೇಷನ್ ಕಾರ್ಡು, ಡಬ್ಬ, ಹಣ ಕೊಟ್ಟು ಸೀಮೆಎಣ್ಣೆ ತರಲು ಕಳುಹಿಸಿದರು. ದಾರಿಯಲ್ಲಿ ಗೋಲಿಯಾಟ ನಡೆದಿತ್ತು. ಸರದಿ ಉದ್ದವಾಗಿದೆ, ಒಂದು ಆಟ ಮುಗಿಸಿ ಹೋದರಾಯಿತು ಎಂದುಕೊಂಡೆವು. ಆಟ ಮುಗಿಯುವ ವೇಳೆಗೆ ಅಂಗಡಿ ಮುಚ್ಚಿತ್ತು, ಜೇಬಿನಲ್ಲಿ ಹಣವೂ ಇರಲಿಲ್ಲ. ಮನೆಯಲ್ಲಿ ಮರದ ಹೊಟ್ಟಿನ ಒಲೆ ಹೊಗೆಯಾಡಿತು. ತಾಯಿಯವರು ಕಣ್ಣೊರೆಸಿಕೊಳ್ಳುತ್ತಾ ಎರಡು ದಿನ ಅಡಿಗೆ ಮಾಡಿದರು. ಆ ಹೊಗೆ ಯಾವ ಬೆತ್ತಕ್ಕಿಂತಲೂ ಚುರುಕಾಗಿತ್ತು. ಆದರೆ ನಾವು ಇಂದಿಗೂ ನೆನೆಯುವುದು ಅದನ್ನಲ್ಲ. ಮುಂದಿನ ಬಾರಿ ಎಣ್ಣೆ ಬಂದಾಗ, ಅಣ್ಣನವರು ಮನೆಯಲ್ಲಿಯೇ ಇದ್ದರೂ, ತಂದೆಯವರು ಡಬ್ಬವನ್ನು ಮತ್ತೆ ನಮ್ಮ ಕೈಗೇ ಕೊಟ್ಟರು. ಒಂದು ಮಾತನ್ನೂ ಆಡಲಿಲ್ಲ.

ಅಂತಹ ತಂದೆ ಎಲ್ಲರಿಗೂ ದೊರೆಯುವುದಿಲ್ಲ. 1980ರಲ್ಲಿ ಇಲ್ಲಿಯೇ ಕೃಷ್ಣರಾಜಪುರದ ಕ್ರಿಸ್ತು ಜ್ಯೋತಿ ಕಾಲೇಜಿನ ಸಲೇಸಿಯನ್ ವಿದ್ಯಾರ್ಥಿಗಳು ನಗರದ ಬೀದಿಗಳಲ್ಲಿ ಬದುಕುವ ಮಕ್ಕಳ ಗೆಳೆತನ ಮಾಡಹೊರಟರು; ಬಾಸ್ಕೊ ಎಂಬ ಹೆಸರಿನ ಸೇವಾಕೂಟ ಬೆಳೆದುದು ಆ ನಡಿಗೆಯಿಂದ. ಚಿಂದಿ ಆಯುವ, ಮಾರುಕಟ್ಟೆಯಲ್ಲಿ ಹೊರೆ ಹೊರುವ ಆ ಹುಡುಗರನ್ನು ಕಂಡು ಸ್ವತಂತ್ರರೆಂದು ಅಸೂಯೆಪಡುವವರೂ ಉಂಟು! ಎಲ್ಲಿಗೆ ಹೋಗಿದ್ದೆ ಎಂದು ಕೇಳುವವರಿಲ್ಲದ ಮಗುವಿನದು ಸ್ವಾತಂತ್ರ್ಯವಲ್ಲ. ಅವನ ಹೆಗಲ ಮೇಲಿನ ಚೀಲವೂ ಹೊಣೆಗಾರಿಕೆಯಲ್ಲ. ಅದು ಬರಿಯ ಹೊರೆ. ಹೊಣೆಯನ್ನು ಒಬ್ಬರು ನಂಬಿ ಕೊಡುತ್ತಾರೆ, ಕೊಟ್ಟು ಕಾಯುತ್ತಾರೆ. ಹೊರೆಯನ್ನು ಯಾರೂ ಕೊಡುವುದಿಲ್ಲ, ಅದು ಬಂದು ಬೀಳುತ್ತದೆ. 1986ರ ಬಾಲಕಾರ್ಮಿಕ ಕಾಯ್ದೆ, ಅದರ 2016ರ ತಿದ್ದುಪಡಿ ಇವೆಲ್ಲ ಆ ಬೀಳುವಿಕೆಯನ್ನು ತಡೆಯಲು ಬಂದಂಥವು.

ಈ ವ್ಯತ್ಯಾಸವನ್ನು ಸಂತ ಜಾನ್ ಬೋಸ್ಕೊ ಅವರಷ್ಟು ಸ್ಪಷ್ಟವಾಗಿ ಕಾಗದದ ಮೇಲಿಟ್ಟವರು ಕಡಿಮೆ. ಇಟಲಿಯ ಟ್ಯೂರಿನ್ ನಗರದಲ್ಲಿ 1852ರ ಫೆಬ್ರವರಿಯಲ್ಲಿ ಒಬ್ಬ ಹುಡುಗನನ್ನು ಬಡಗಿಯೊಬ್ಬನ ಬಳಿ ಕೆಲಸ ಕಲಿಯಲು ಬಿಟ್ಟಾಗ ಅವರು ಒಪ್ಪಂದಪತ್ರವೊಂದನ್ನು ಬರೆಸಿದರು. ಹುಡುಗನು ವಿಧೇಯನಾಗಿ ಶ್ರದ್ಧೆಯಿಂದ ದುಡಿಯಬೇಕು. ಯಜಮಾನನು ಕಸುಬನ್ನು ಕಲಿಸಬೇಕು, ತಪ್ಪನ್ನು ಮಾತಿನಿಂದ ತಿದ್ದಬೇಕೇ ಹೊರತು ಹೊಡೆಯಬಾರದು, ಕಸುಬಿಗೆ ಸಂಬಂಧಿಸದ ಚಾಕರಿ ಹೇಳಬಾರದು, ಭಾನುವಾರಗಳನ್ನೂ ಹಬ್ಬಗಳನ್ನೂ ಅವನಿಗೇ ಬಿಡಬೇಕು. ಬಡಗಿ, ಹುಡುಗ, ಅವನ ತಂದೆ, ಬೋಸ್ಕೊ ಸ್ವಾಮಿಗಳು, ಎಲ್ಲರೂ ಅದಕ್ಕೆ ಕಟ್ಟುಬಿದ್ದರು. ನಮ್ಮ 1961ರ ಅಪ್ರೆಂಟಿಸ್ ಕಾಯ್ದೆಯೂ ಒಪ್ಪಂದವಿಲ್ಲದೆ ಯಾರನ್ನೂ ತರಬೇತಿಗೆ ಸೇರಿಸಿಕೊಳ್ಳಬಾರದೆನ್ನುತ್ತದೆ; ಕಲಿಯುವವನು ಅಪ್ರಾಪ್ತನಾದರೆ ಪೋಷಕರು ಒಪ್ಪಂದ ಮಾಡಿಕೊಳ್ಳಬೇಕು. ಕಿರಿಯರು ಹೊಣೆ ಹೊರುವಾಗ ಹಿರಿಯರೂ ಬಂಧಿತರಾಗುತ್ತಾರೆಂಬುದನ್ನು ನಾವು ಮರೆಯುವುದೇ ಹೆಚ್ಚು.

ಇನ್ನೊಂದು ಬಗೆಯ ಮರೆವೂ ನಮ್ಮಲ್ಲಿದೆ. ಹದಿನಾರರ ಮಗನಿಗೆ ಬೈಕಿನ ಕೀಲಿ ಕೊಟ್ಟು ಹಳೆಯ ಮದ್ರಾಸು ರಸ್ತೆಗೆ ಬಿಡುವ ತಂದೆಯೇ, ಇಪ್ಪತ್ತನಾಲ್ಕರ ಮಗಳು ತನ್ನ ಸಂಬಳದ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತೇನೆಂದರೆ ಮುನಿಯುತ್ತಾರೆ. ಅಪ್ರಾಪ್ತರು ವಾಹನದಿಂದ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆಮನೆ, 25,000 ರೂಪಾಯಿ ದಂಡ ಎಂದು 2019ರ ಮೋಟಾರು ವಾಹನ ತಿದ್ದುಪಡಿ ಹೇಳುತ್ತದೆ. ಕೊಡಬಾರದ್ದನ್ನು ಬೇಗ ಕೊಡುತ್ತೇವೆ, ಕೊಡಬೇಕಾದದ್ದನ್ನು ಕೈಯಲ್ಲೇ ಹಿಡಿದುಕೊಂಡಿರುತ್ತೇವೆ.

ಈಗ ಮನೆಯ ಮಾತಿಗೆ ಬರೋಣ. ಕಳೆದ ಹಬ್ಬದಲ್ಲಿ ತಿಂಡಿ ಮಳಿಗೆಗಳ ಲೆಕ್ಕವನ್ನು ಯುವಜನರು ನೋಡಿಕೊಂಡರು. ಕೊನೆಗೆ ಹಣ ಕಡಿಮೆ ಬಿತ್ತು. ಕಳವಲ್ಲ, ಗೆಳೆಯರಿಗೆ ಸಾಲವಾಗಿ ಕೊಟ್ಟ ಕೂಪನುಗಳನ್ನು ಬರೆದಿಟ್ಟಿರಲಿಲ್ಲ, ಅಷ್ಟೆ. ಶತಮಾನೋತ್ಸವದಂತಹ ದೊಡ್ಡ ಸಮಾರಂಭದಲ್ಲಿ ಮತ್ತೆ ಹುಡುಗರನ್ನು ನಂಬುವುದೇ ಎಂದು ಹಿರಿಯರು ಕೆಲವರು ನಮ್ಮ ಬಳಿ ಬಂದು ಕೇಳಿದರು. ಅವರ ಕಳವಳ ಸಣ್ಣದಲ್ಲ. ಅದು ಬಡವರೂ ಕೊಟ್ಟ ಹಣ. ನಾವು ಎರಡು ರಾತ್ರಿ ಯೋಚಿಸಿದೆವು. ಸೀಮೆಎಣ್ಣೆಯ ಡಬ್ಬವೂ ನೆನಪಿಗೆ ಬಾರದಿರಲಿಲ್ಲ.

ಲೆಕ್ಕದ ಪುಸ್ತಕ ಈ ಬಾರಿಯೂ ಯುವಜನರ ಕೈಯಲ್ಲೇ ಇರುತ್ತದೆ. ಪ್ರತಿ ಭಾನುವಾರ ಎರಡನೆಯ ಬಲಿಪೂಜೆಯ ಅನಂತರ ಹಿರಿಯರಲ್ಲೊಬ್ಬರು ನಿಮ್ಮೊಡನೆ ಕುಳಿತು ಲೆಕ್ಕ ನೋಡುತ್ತಾರೆ, ಗದರಿಸುವುದಿಲ್ಲ. ಮತ್ತೆ ಕಡಿಮೆ ಬಿದ್ದರೆ ನೀವೂ ನಾವೂ ಸೇರಿ ತುಂಬಿಕೊಡೋಣ. ಶನಿವಾರ ಸಂಜೆ ಗುರುಗಳ ಮನೆಗೆ ಬನ್ನಿ. ಮೊದಲ ಪುಟದಲ್ಲಿ ಸಹಿ ಮಾಡಿ ಪುಸ್ತಕವನ್ನು ತೆಗೆದುಕೊಂಡು ಹೋಗಿ. ನಿಮ್ಮ ಸಹಿಯ ಕೆಳಗೆ ನಮ್ಮದೂ ಇರುತ್ತದೆ.