ಟ್ರ್ಯಾಕ್ಟರಿನ ಚಾಲಕದಂಡದ ದುರಸ್ತಿ



ಟ್ರ್ಯಾಕ್ಟರಿನ ಶಕ್ತಿಯನ್ನು ರೋಟವೇಟರಿಗೆ ಒಯ್ಯುವ ಚಾಲಕದಂಡವು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುವುದು. ಗಟ್ಟಿ ನೆಲದಲ್ಲಿ ಅಲಗುಗಳನ್ನು ಅತಿ ಆಳಕ್ಕಿಳಿಸಿದರೆ, ಇಲ್ಲವೆ ಬೇರು ಕಲ್ಲುಗಳು ಸಿಕ್ಕಿದರೆ, ಭಾರವೆಲ್ಲವೂ ಈ ದಂಡದ ಮೇಲೆ ಬೀಳುವುದು. ಅಂಥ ಸಮಯದಲ್ಲಿ ತಾನು ಮುರಿದು ದಂಡವನ್ನು ಉಳಿಸಲೆಂದೇ ಅನೇಕ ಯಂತ್ರಗಳಲ್ಲಿ ಮೃದುವಾದ ಬೋಲ್ಟೊಂದನ್ನು ಇಟ್ಟಿರುವರು. ಅದು ಪದೇ ಪದೇ ಮುರಿಯುವುದೆಂದು ಗಟ್ಟಿ ಉಕ್ಕಿನ ಬೋಲ್ಟನ್ನು ಹಾಕಿದರೆ, ಅಲ್ಪ ಬೆಲೆಯ ಬೋಲ್ಟು ಉಳಿದು, ದಂಡವೂ ಗೇರುಪೆಟ್ಟಿಗೆಯೂ ಕೆಡುವುವು.

ದುರಸ್ತಿಗೆ ಮುಂಚೆ ಉಪಕರಣವನ್ನು ನೆಲಕ್ಕಿಳಿಸಿ, ಎಂಜಿನನ್ನು ನಿಲ್ಲಿಸಿ, ಬೀಗದ ಕೈಯನ್ನು ತೆಗೆದಿಡತಕ್ಕದ್ದು. ತಿರುಚಿದ ಕೊಳವೆಯನ್ನು ಬಡಿದು ನೆಟ್ಟಗೆ ಮಾಡುವುದು ಸಲ್ಲದು, ಹೊಸದನ್ನೇ ಹಾಕಬೇಕು. ಸವೆದ ಕ್ರಾಸುಗಳನ್ನೂ ಬದಲಿಸಬೇಕು. ಜೋಡಿಸುವಾಗ ಕೊಳವೆಯ ಎರಡೂ ತುದಿಯ ಕವಲುಗಳು ಒಂದೇ ನೇರದಲ್ಲಿರಬೇಕು. ತಪ್ಪಿದರೆ ದಂಡವು ಅದುರಿ ಪುನಃ ಕೆಡುವುದು. ಬಳಿಕ ಗ್ರೀಸನ್ನು ತುಂಬತಕ್ಕದ್ದು. ರಕ್ಷಣೆಯ ಹೊದಿಕೆಯನ್ನು ಮರಳಿ ಹಾಕದೆ ಯಂತ್ರವನ್ನು ನಡೆಸಕೂಡದು. ತಿರುಗುವ ದಂಡಕ್ಕೆ ಬಟ್ಟೆಯ ಅಂಚು ಸಿಕ್ಕಿದರೂ ಪ್ರಾಣಾಪಾಯವುಂಟು.

ಬಾಡಿಗೆಗೆ ಟ್ರ್ಯಾಕ್ಟರು ನಡೆಸುವವರಿಗೆ ಗ್ರಾಮದ ಮುಖಂಡರು ಇದನ್ನು ತಿಳಿಯಹೇಳುವುದು ಯೋಗ್ಯವು. ಗಟ್ಟಿ ನೆಲವನ್ನು ಒಂದೇ ಸಲ ಆಳವಾಗಿ ಕೆದಕುವುದಕ್ಕಿಂತ, ಮೇಲುಮೇಲಾಗಿ ಎರಡು ಸಲ ಹೊಡೆಯುವುದೇ ಲಾಭಕರವು.