ಅರ್ಧ ಕಟ್ಟಿ ಬಿಟ್ಟ ಮನೆಗಳು

ಮೊಬೈಲ್ ತೆಗೆದರೆ ಸಾಕು, ಕನಸಿನ ಮನೆಗಳ ಮೆರವಣಿಗೆ. ಸಮುದ್ರಕ್ಕೆ ಚಾಚಿಕೊಂಡ ಗಾಜಿನ ಮನೆ, ಬಂಡೆ ಕೊರೆದು ಕಟ್ಟಿದ ಮನೆ, ಛಾವಣಿ ಮೇಲೆ ಈಜುಕೊಳ. ನಾನೂ ನೋಡ್ತೀನಿ, ಚೆನ್ನಾಗೇ ಇರುತ್ತೆ. ಆದರೆ ಪ್ರಪಂಚದಲ್ಲಿ ನಿಮಗೆ ಮೆಚ್ಚುಗೆಯಾದ ಮನೆ ಯಾವುದು ಅಂತ ಕೇಳಿದರೆ, ಅರ್ಧ ಕಟ್ಟಿ ಬಿಟ್ಟ ಮನೆಗಳ ಒಂದು ಸಾಲನ್ನು ತೋರಿಸ್ತೀನಿ.

ದಕ್ಷಿಣ ಅಮೆರಿಕದ ಚಿಲಿ ದೇಶ. ಅಟಕಾಮಾ ಮರುಭೂಮಿ ಸಮುದ್ರಕ್ಕೆ ಬಂದು ತಾಕುವಲ್ಲಿ ಇಕೀಕೆ ಅಂತ ಒಂದು ನಗರ. ಅದರ ನಡುವೆ ಅರ್ಧ ಹೆಕ್ಟೇರ್ ಜಾಗ, ಅದರಲ್ಲಿ ಸುಮಾರು 100 ಕುಟುಂಬಗಳ ಕೊಳೆಗೇರಿ. 30 ವರ್ಷದಿಂದ ಇದ್ದದ್ದು. ಸರ್ಕಾರ ಕೊಡಲು ಒಪ್ಪಿದ್ದು ಕುಟುಂಬಕ್ಕೆ 7,500 ಡಾಲರ್. ಬರೀ ಮನೆಗಲ್ಲ, ಜಾಗ, ನೀರು, ಚರಂಡಿ ಎಲ್ಲವೂ ಅದರಲ್ಲೇ ಆಗಬೇಕು. ಇಂಥ ಯೋಜನೆಗಳಲ್ಲಿ ಜಾಗಕ್ಕೆ ಸಾಮಾನ್ಯವಾಗಿ ಕೊಡುವುದರ ಮೂರು ಪಟ್ಟು ಬೆಲೆ ಅಲ್ಲಿಯ ನೆಲಕ್ಕೆ. ಇಂಥ ಹೊತ್ತಲ್ಲಿ ಸರ್ಕಾರಗಳು ಏನ್ ಮಾಡ್ತವೆ, ನಿಮಗೇ ಗೊತ್ತು. ಜನರನ್ನು ಲಾರಿ ಹತ್ತಿಸಿ ಊರಾಚೆ ಬಿಡ್ತವೆ. ಹೊಸ ಗೋಡೆ ಸಿಗುತ್ತೆ. ಕೂಲಿ ತಪ್ಪುತ್ತೆ, ಮಕ್ಕಳ ಶಾಲೆ ತಪ್ಪುತ್ತೆ.

ವಾಸ್ತುಶಿಲ್ಪಿ ಅಲೆಹಾಂದ್ರೊ ಅರಾವೆನಾ ಮತ್ತು ಅವರ ಎಲಿಮೆಂಟಲ್ ತಂಡ ಆ ದಾರಿ ಹಿಡಿಯಲಿಲ್ಲ. ಬಿಡಿ ಬಿಡಿ ಮನೆ ಕಟ್ಟಿದರೆ 30 ಕುಟುಂಬಕ್ಕಷ್ಟೇ ಜಾಗ. ಅಪಾರ್ಟ್‌ಮೆಂಟ್ ಆದರೆ ಎಲ್ಲರಿಗೂ ಸಿಗುತ್ತೆ, ಆದರೆ ಮುಂದೆ ಒಂದು ಕೋಣೆ ಸೇರಿಸೋಕೂ ಆಗಲ್ಲ. ಅದನ್ನು ಕಟ್ಟೋಕೆ ಬಂದರೆ ಉಪವಾಸ ಕೂರ್ತೀವಿ ಅಂದರಂತೆ ಜನ.

ಆಗ ಅರಾವೆನಾ ಲೆಕ್ಕವನ್ನೇ ತಿರುಗಿಸಿದರು. ಮಧ್ಯಮ ವರ್ಗದ ಕುಟುಂಬ ಬದುಕೋದು ಸುಮಾರು 80 ಚದರ ಮೀಟರ್‌ನಲ್ಲಿ. ದುಡ್ಡಿರೋದು 40ಕ್ಕೆ. ಚಿಕ್ಕದೊಂದು ಮನೆ ಕಟ್ಟೋ ಬದಲು, ಒಳ್ಳೆಯ ಮನೆಯ ಅರ್ಧವನ್ನು ಯಾಕೆ ಕಟ್ಟಬಾರದು? ಯಾವ ಅರ್ಧ? ಬಡ ಕುಟುಂಬ ತಾನಾಗಿ ಸರಿಯಾಗಿ ಕಟ್ಟಿಕೊಳ್ಳಲಾಗದ ಅರ್ಧ. ಕಾಂಕ್ರೀಟ್ ಚೌಕಟ್ಟು, ಮೆಟ್ಟಿಲು, ಅಡುಗೆಮನೆ, ಬಚ್ಚಲು. ಪಕ್ಕದಲ್ಲೇ ಅಷ್ಟೇ ಅಗಲದ ಖಾಲಿ ಜಾಗ. 2004ರ ಹೊತ್ತಿಗೆ ಕಿಂತಾ ಮೊನ್ರೊಯ್ ಸಿದ್ಧವಾದಾಗ ಅದು ಹಲ್ಲು ಉದುರಿದ ಬಾಯಿಯ ಹಾಗಿತ್ತು. ಆಮೇಲೆ ಜನರೇ ತುಂಬಿದರು. ಕೈಗೆ ಕಾಸು ಬಂದ ಹಾಗೆ ಒಬ್ಬರು ಇಟ್ಟಿಗೆಯಲ್ಲಿ, ಇನ್ನೊಬ್ಬರು ಹಲಗೆಯಲ್ಲಿ; ಒಂದಕ್ಕೆ ಹಳದಿ ಬಣ್ಣ, ಇನ್ನೊಂದಕ್ಕೆ ನೀಲಿ. ಮನೆ ಕಟ್ಟಿ ನೋಡು ಅನ್ನೋ ಗಾದೆ ಇರೋ ನಾಡಿನ ನಮಗೆ ಇದನ್ನ ಬಿಡಿಸಿ ಹೇಳಬೇಕಾ?

ಇದಕ್ಕೂ ಹಿಂದೆಯೇ, 1980ರ ದಶಕದಲ್ಲಿ, ನಮ್ಮ ಇಂದೋರ್‌ನಲ್ಲಿ ಬಾಲಕೃಷ್ಣ ದೋಷಿ ಹೀಗೇ ಯೋಚಿಸಿದ್ದರು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕಟ್ಟಡ ಇದೆಯಲ್ಲ, ಅದರ ವಾಸ್ತುಶಿಲ್ಪಿಯೇ ಇವರು. ಇಂದೋರ್‌ನ ಅರಣ್ಯ ಬಡಾವಣೆಯಲ್ಲಿ ಅತಿ ಬಡವರಿಗೆ ಕೊಟ್ಟಿದ್ದು ತಳಪಾಯ, ನೀರು, ಚರಂಡಿ, ಶೌಚಾಲಯ. ಮಿಕ್ಕಿದ್ದು ಅವರವರ ಶಕ್ತಿ. 80,000 ಜನಕ್ಕೆ ಯೋಜಿಸಿದ ಬಡಾವಣೆ ಅದು. ಅರಾವೆನಾಗೆ 2016ರಲ್ಲಿ, ದೋಷಿಯವರಿಗೆ 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ವಾಸ್ತುಶಿಲ್ಪದ ನೊಬೆಲ್ ಅಂತಾರೆ ಅದನ್ನ.

ಅರ್ಧ ಮನೆ ಕೊಡೋದು ಸರ್ಕಾರ ಜವಾಬ್ದಾರಿಯಿಂದ ನುಣುಚಿಕೊಂಡ ಹಾಗಲ್ವಾ? ನ್ಯಾಯವಾದ ಪ್ರಶ್ನೆಯೇ. ಊರಾಚೆಯ ಬಯಲಲ್ಲಿ ನಾಲ್ಕು ಗೋಡೆ ನಿಲ್ಲಿಸಿ, ನೀರಿಲ್ಲ, ಬಸ್ಸಿಲ್ಲ, ಉಳಿದದ್ದು ನೀವೇ ನೋಡ್ಕೊಳ್ಳಿ ಅಂದರೆ ಖಂಡಿತ ನುಣುಚಿಕೊಂಡ ಹಾಗೆಯೇ. ಇಕೀಕೆಯಲ್ಲಿ ದುಬಾರಿಯಾದರೂ ಊರ ನಡುವಿನ ಆ ನೆಲದಲ್ಲೇ ಮನೆ ಕಟ್ಟಿದರು. ನನಗೆ ಮೆಚ್ಚುಗೆಯಾದದ್ದು ಅದೇ.

2016ರಲ್ಲಿ ಎಲಿಮೆಂಟಲ್ ತಂಡ ಇಂಥ ನಾಲ್ಕು ಯೋಜನೆಗಳ ನಕ್ಷೆಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟಿತು. ನಮ್ಮ ವಸತಿ ಯೋಜನೆಗಳ ಕಡತ ಹಿಡಿದು ಕೂತವರಲ್ಲಿ ಎಷ್ಟು ಜನ ಅವನ್ನು ತೆರೆದು ನೋಡಿದ್ದಾರೆ?