ಮಗನ ಮನದಲ್ಲಿ ಹೆಣ್ತನ: ವಯಸ್ಸನ್ನರಿಯದೆ ತೀರ್ಪು ಬೇಡ



ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಆಡಲು ಹಿಂಜರಿಯುವ ವಿಷಯವೊಂದನ್ನು ಇಂದು ನಾವು ಚರ್ಚಿಸಬೇಕಾಗಿದೆ. ಗಂಡಾಗಿ ಹುಟ್ಟಿದವನೊಬ್ಬ ತನ್ನ ದೇಹವು ಹೆಣ್ಣಿನ ದೇಹದಂತಾಗಬೇಕೆಂದು ಬಯಸಿದರೆ ನಾವು ಒಂದೋ ಅದನ್ನು ಗೇಲಿಯ ವಸ್ತುವಾಗಿಸುತ್ತೇವೆ, ಇಲ್ಲವೇ ಕುಟುಂಬದ ಕಳಂಕವೆಂದು ಬಗೆದು ಬಾಗಿಲು ಮುಚ್ಚುತ್ತೇವೆ. ಐದು ವರ್ಷದ ಮಗುವಿಗೂ, ಹದಿನೈದರ ಹುಡುಗನಿಗೂ, ಮದುವೆಯ ವಯಸ್ಸಿನ ಯುವಕನಿಗೂ, ಮೊಮ್ಮಕ್ಕಳನ್ನು ಕಂಡ ಹಿರಿಯನಿಗೂ ಒಂದೇ ಉತ್ತರ ನಮ್ಮಲ್ಲಿದೆ. ಆದರೆ ಈ ಬಯಕೆಯ ಸ್ವರೂಪ ಎಲ್ಲ ವಯಸ್ಸಿನಲ್ಲೂ ಒಂದೇ ಆಗಿರುವುದಿಲ್ಲ. ಆದ್ದರಿಂದ ಕುಟುಂಬದ ಹೊಣೆಯೂ ಒಂದೇ ಆಗಿರಲಾರದು.

ಮೊದಲು ಬಾಲ್ಯವನ್ನು ನೋಡೋಣ. ಚಿಕ್ಕ ಹುಡುಗ ಅಕ್ಕನ ದುಪಟ್ಟಾ ಹೊದ್ದುಕೊಂಡರೆ, ಬಳೆ ತೊಟ್ಟರೆ ಅದು ಬಹುಮಟ್ಟಿಗೆ ಆಟವೇ ಆಗಿರುತ್ತದೆ. ಕೆಲವು ಮಕ್ಕಳು ಮಾತ್ರ, ತಾನು ಹುಡುಗಿಯೇ ಎಂದು ವರ್ಷಗಟ್ಟಲೆ ಹೇಳುತ್ತಾ ಬರುತ್ತಾರೆ. ಅಂತಹವರಲ್ಲೂ ಹಲವರ ಬಯಕೆ ಹದಿಹರೆಯದ ವೇಳೆಗೆ ಮಾಸಿಹೋಗುತ್ತದೆಂದು ಹಿಂದಿನ ಕೆಲವು ಅಧ್ಯಯನಗಳು ಹೇಳಿವೆ. ಆ ಅಧ್ಯಯನಗಳ ಕ್ರಮವನ್ನು ಪ್ರಶ್ನಿಸುವ ತಜ್ಞರೂ ಇದ್ದಾರೆ. ಅದೇನೇ ಇರಲಿ, ಈ ವಯಸ್ಸಿನಲ್ಲಿ ತಂದೆ ತಾಯಿ ಮಾಡಬೇಕಾದುದು ತಾಳ್ಮೆಯಿಂದ ಕಾಯುವುದನ್ನು. ಹೊಡೆತದಿಂದ ಮಗುವಿನ ಮನಸ್ಸು ಬದಲಾಗುವುದಿಲ್ಲ. ಅದು ತನ್ನ ಮನಸ್ಸನ್ನು ನಮ್ಮಿಂದ ಬಚ್ಚಿಡಲು ಕಲಿಯುತ್ತದೆ, ಅಷ್ಟೆ.

ಹದಿಹರೆಯ ಅತ್ಯಂತ ಸೂಕ್ಷ್ಮ ಘಟ್ಟ. ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಈ ವಯಸ್ಸಿನ ಬಹಳಷ್ಟು ಹುಡುಗರಲ್ಲಿ ಎದೆಯ ಭಾಗ ತುಸು ಊದಿಕೊಳ್ಳುವುದುಂಟು. ಇದು ಹಾರ್ಮೋನುಗಳ ಏರುಪೇರು. ಸಾಮಾನ್ಯವಾಗಿ ಒಂದೆರಡು ವರ್ಷಗಳಲ್ಲಿ ತಾನಾಗಿ ಇಳಿಯುತ್ತದೆ. ಇದಕ್ಕೂ ಹೆಣ್ಣಾಗುವ ಬಯಕೆಗೂ ಸಂಬಂಧವಿಲ್ಲ. ಆದರೆ ಬಾಲ್ಯದ ಬಯಕೆ ಮಾಸದೆ ಉಳಿದ ಹುಡುಗನಿಗೆ ಮೀಸೆ ಚಿಗುರುವುದು, ಧ್ವನಿ ಒಡೆಯುವುದು ಸಹಿಸಲಾಗದ ಸಂಕಟವಾಗುತ್ತದೆ. ಮನೆಯಲ್ಲಿ ಹೇಳಿಕೊಳ್ಳುವಂತಿಲ್ಲ, ಶಾಲೆಯಲ್ಲಿ ಅಪಹಾಸ್ಯ. ಮನೆ ಬಿಟ್ಟು ಓಡಿಹೋಗುವುದು, ಪ್ರಾಣ ಕಳೆದುಕೊಳ್ಳಲು ಹೊರಡುವುದು, ಅರ್ಹತೆಯಿಲ್ಲದವರ ಕತ್ತಿಗೆ ದೇಹವೊಡ್ಡುವುದು, ಅಂಗಡಿಯಿಂದ ಮಾತ್ರೆ ತಂದು ಗುಟ್ಟಾಗಿ ನುಂಗುವುದು ಇವೆಲ್ಲ ಆರಂಭವಾಗುವುದು ಇಲ್ಲಿಂದಲೇ. 2021ರಲ್ಲಿ ಪದ್ಮಶ್ರೀ ಪಡೆದ ನಮ್ಮ ನಾಡಿನ ಮಂಜಮ್ಮ ಜೋಗತಿಯವರು ಹದಿಹರೆಯದಲ್ಲಿಯೇ ಮನೆಯಿಂದ ದೂರವಾಗಿ ಭಿಕ್ಷೆ ಬೇಡಿ ಬದುಕಿದವರು. ಕಲೆ ಅವರ ಕೈಹಿಡಿಯಿತು. ಕೈಹಿಡಿಯುವವರಿಲ್ಲದೆ ಬೀದಿಯಲ್ಲೇ ಉಳಿದವರೆಷ್ಟೋ!

ಚಿಕಿತ್ಸೆಯ ವಿಷಯದಲ್ಲೂ ವಯಸ್ಸು ನಿರ್ಣಾಯಕ. ಒಮ್ಮೆ ಒಡೆದ ಧ್ವನಿ, ಬಲಿತ ಮೂಳೆ ಹಾರ್ಮೋನಿನಿಂದ ಹಿಂದಿನ ಸ್ಥಿತಿಗೆ ಮರಳುವುದಿಲ್ಲ. ಈ ಕಾರಣದಿಂದಲೇ ಪಾಶ್ಚಾತ್ಯ ದೇಶಗಳಲ್ಲಿ ಹದಿಹರೆಯದ ಬೆಳವಣಿಗೆಯನ್ನು ತಡೆಹಿಡಿಯುವ ಔಷಧ ಬಳಕೆಗೆ ಬಂತು. ಆದರೆ ಅದರ ಪರವಾದ ಪುರಾವೆಗಳು ದುರ್ಬಲವೆಂದು 2024ರಲ್ಲಿ ಬ್ರಿಟನ್‌ನ ಕ್ಯಾಸ್ ವರದಿ ಹೇಳಿತು. ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯು ಮಕ್ಕಳಿಗೆ ಅದನ್ನು ವಾಡಿಕೆಯಾಗಿ ನೀಡುವುದನ್ನು ನಿಲ್ಲಿಸಿತು. ಅವಸರ ಸಲ್ಲದು ಎಂಬುದು ಇದರ ಪಾಠ. ಆದರೆ ಅವಸರ ಬೇಡವೆಂದರೆ ಹುಡುಗನ ಅಳಲನ್ನು ಕೇಳಬೇಡಿ ಎಂದರ್ಥವಲ್ಲ.

ಇನ್ನು ಯೌವನ. ಇಲ್ಲಿ ನಮ್ಮ ಸಮುದಾಯ ಎಸಗುವ ಬಹುದೊಡ್ಡ ಅನ್ಯಾಯವೊಂದಿದೆ. "ನಿಕಾಹ್ ಮಾಡಿಸಿ, ಎಲ್ಲ ಸರಿಹೋಗುತ್ತದೆ" ಎಂಬ ಸಲಹೆ ಕೊಡದ ಹಿರಿಯರು ವಿರಳ. ಸರಿಹೋಗುತ್ತದೆಂಬ ಭರವಸೆಯನ್ನು ಯಾವ ವೈದ್ಯನೂ ಕೊಡಲಾರ. ನಿಕಾಹ್ ಒಂದು ಕರಾರು. ಅದರಲ್ಲಿ ಇನ್ನೊಂದು ಜೀವವಿದೆ. ವಿಷಯವನ್ನು ಮುಚ್ಚಿಟ್ಟು ಯಾರದೋ ಮನೆಯ ಮಗಳನ್ನು ನಮ್ಮ ಮಗನ ಔಷಧಿಯಾಗಿ ತರಲು ನಮಗೆ ಹಕ್ಕನ್ನು ಕೊಟ್ಟವರಾರು? ಆ ಹುಡುಗಿಯ ಕಣ್ಣೀರಿಗೆ ಉತ್ತರಿಸಬೇಕಾದವರು ಯಾರು?

ನಡುವಯಸ್ಸಿನಲ್ಲಿ ಈ ಬಯಕೆ ಬಹಿರಂಗವಾದಾಗ "ಈ ವಯಸ್ಸಿನಲ್ಲಿ ಇದೇನು ಚಪಲ" ಎನ್ನುತ್ತೇವೆ. ಕೆಲವರಲ್ಲಿ ಅದು ತಡವಾಗಿ ತಲೆದೋರುವುದು ನಿಜ. ಆದರೆ ಅನೇಕರಲ್ಲಿ ತಡವಾಗಿರುವುದು ಬಯಕೆಯಲ್ಲ, ಅದನ್ನು ಹೇಳುವ ಧೈರ್ಯ. 1953ರಲ್ಲಿ ಎವರೆಸ್ಟ್ ವಿಜಯದ ಸುದ್ದಿಯನ್ನು ಜಗತ್ತಿಗೆ ಮುಟ್ಟಿಸಿದ ಬ್ರಿಟಿಷ್ ಪತ್ರಕರ್ತ ಜೇಮ್ಸ್ ಮೋರಿಸ್ ಸೈನಿಕರಾಗಿದ್ದವರು, ಮಕ್ಕಳ ತಂದೆ. 1972ರಲ್ಲಿ, 46ರ ಹೊಸ್ತಿಲಲ್ಲಿ, ಮೊರಾಕ್ಕೋದ ಕಾಸಾಬ್ಲಾಂಕಾದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಜಾನ್ ಮೋರಿಸ್ ಆದರು. ಮೂರು ನಾಲ್ಕು ವರ್ಷದ ಮಗುವಾಗಿದ್ದಾಗಲೇ ತನಗಿದು ತಿಳಿದಿತ್ತೆಂದು ಅವರು ಬರೆದಿದ್ದಾರೆ. ಲೋಕದ ಮುಂದೆ ದಶಕಗಳ ಮೌನವದು.

ಧರ್ಮ ಏನೆನ್ನುತ್ತದೆ? ಸ್ತ್ರೀಯರನ್ನು ಅನುಕರಿಸುವ ಪುರುಷರ ಕುರಿತು ಹದೀಸಿನಲ್ಲಿ ಕಠಿಣ ಎಚ್ಚರಿಕೆಯಿದೆ. ಆದರೆ 13ನೇ ಶತಮಾನದ ಇಮಾಮ್ ನವವಿಯವರು ಹುಟ್ಟಿನಿಂದಲೇ ನಡೆನುಡಿಯಲ್ಲಿ ಹೆಣ್ತನವಿರುವವನನ್ನೂ ಬೇಕೆಂದೇ ಅದನ್ನು ನಟಿಸುವವನನ್ನೂ ಬೇರೆಯಾಗಿಸಿದರು. ಮೊದಲನೆಯವನ ಮೇಲೆ ದೋಷವಿಲ್ಲವೆಂದರು. ಶಸ್ತ್ರಚಿಕಿತ್ಸೆಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸುನ್ನೀ ವಿದ್ವಾಂಸರಲ್ಲಿ ಹೆಚ್ಚಿನವರು ಜನ್ಮತಃ ಲಿಂಗ ಅಸ್ಪಷ್ಟವಾಗಿರುವವರಿಗಷ್ಟೇ ಅದನ್ನು ಅನುಮತಿಸುತ್ತಾರೆ. ಇರಾನಿನಲ್ಲಿ ಖೊಮೇನಿಯವರು ಅದಕ್ಕಿಂತ ವಿಶಾಲವಾಗಿ ಅನುಮತಿಸಿದರು. ಈ ಚರ್ಚೆ ವಿದ್ವಾಂಸರಿಗಿರಲಿ. ಮನಸ್ಸಿನೊಳಗಿನ ಬಯಕೆಗಾಗಿ ಮಗನನ್ನು ಥಳಿಸುವುದಕ್ಕೆ, ಮನೆಯಿಂದ ಅಟ್ಟುವುದಕ್ಕೆ ಈ ಯಾವ ಅಭಿಪ್ರಾಯದಲ್ಲೂ ಆಧಾರವಿಲ್ಲ. 2019ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಇಂತಹವರನ್ನು ಮನೆಯಿಂದ ಹೊರಹಾಕುವುದನ್ನು ಶಿಕ್ಷಾರ್ಹ ಅಪರಾಧವೆಂದೇ ಸಾರಿತು.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಮಗುವಾದರೆ ಕಾಯೋಣ. ಹದಿಹರೆಯದವನಾದರೆ ಮನೆಯಲ್ಲೇ ಉಳಿಸಿಕೊಂಡು ಅರ್ಹ ಮನೋವೈದ್ಯರ ಬಳಿಗೆ ಕರೆದೊಯ್ಯೋಣ. ಯುವಕನಾದರೆ ಸತ್ಯವನ್ನು ಮರೆಮಾಚಿ ಮದುವೆ ಮಾಡದಿರೋಣ. ಹಿರಿಯನಾದರೆ ಅವನ ಮಾತನ್ನೂ ಅವನ ಮಡದಿ ಮಕ್ಕಳ ನೋವನ್ನೂ ಒಟ್ಟಿಗೆ ಆಲಿಸೋಣ. ಮಸೀದಿಯ ಜಮಾಅತ್‌ಗಳು ಇಂತಹ ಕುಟುಂಬವನ್ನು ಬಹಿಷ್ಕರಿಸುವ ಬದಲು ಅದರ ಬೆನ್ನಿಗೆ ನಿಲ್ಲಲಿ.